ಹೇಗ್‌ನ ಅಭಿಪ್ರಾಯ, ಬ್ರಸೆಲ್ಸ್‌ನ ಶುಲ್ಕ, ಬಳ್ಳಾರಿಯ ಉಕ್ಕು

ಹೊರದೇಶಗಳಿಂದ ಬರುವ ಉಕ್ಕಿನ ಮೇಲೆ ಇಂಗಾಲದ ಲೆಕ್ಕ ಹಾಕಿ ಶುಲ್ಕ ವಿಧಿಸುವ, ಬ್ರಸೆಲ್ಸ್‌ನಲ್ಲಿ ಕೇಂದ್ರ ಕಚೇರಿ ಇರುವ ಐರೋಪ್ಯ ಒಕ್ಕೂಟದ ವ್ಯವಸ್ಥೆ 2026ರ ಜನವರಿ 1ರಿಂದ ಪೂರ್ಣ ಪ್ರಮಾಣದಲ್ಲಿ ಜಾರಿಗೆ ಬಂದಿದೆ. ಅದಕ್ಕೆ ಐದು ತಿಂಗಳು ಮೊದಲು, 2025ರ ಜುಲೈ 23ರಂದು, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು ಹವಾಮಾನವನ್ನು ಕಾಪಾಡುವುದು ದೇಶಗಳ ಮರ್ಜಿಯಲ್ಲ, ಕಾನೂನಿನ ಬಾಧ್ಯತೆ ಎಂದು ಸಾರಿತ್ತು. ಇತ್ತ ಭಾರತ ಸರ್ಕಾರ ಐರೋಪ್ಯ ಶುಲ್ಕವನ್ನು ಅನ್ಯಾಯವೆಂದು ವಿರೋಧಿಸುತ್ತ ಬಂದಿದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಕಾನೂನಿನ ಬಲವೇ ಇಲ್ಲ ಎಂಬ ಮಾತನ್ನೂ ಓದುಗರು ಕೇಳಿರುತ್ತಾರೆ.

ಒಂದು ಸುದ್ದಿ ವಾಣಿಜ್ಯ ಪುಟದಲ್ಲಿ ಬರುತ್ತದೆ, ಇನ್ನೊಂದು ವಿದೇಶ ಪುಟದಲ್ಲಿ. ಎರಡನ್ನೂ ಓದಿದವರಿಗೆ ಉಳಿಯುವುದು ಗೊಂದಲ. ಹೇಗ್‌ನಲ್ಲಿ ಹೇಳಿದ ಮಾತು ಬಳ್ಳಾರಿಗೆ ಅನ್ವಯಿಸುತ್ತದೆಯೇ? ಅನ್ವಯಿಸುವುದಾದರೆ ಕೊಪ್ಪಳದ ಗಿಣಿಗೇರಿಯ ಹೊಲದ ಮೇಲೆ ಕಾರ್ಖಾನೆಗಳಿಂದ ಬೀಳುವ ಕಪ್ಪು ಬೂದಿ ನಿಲ್ಲಬೇಕಲ್ಲವೇ? ಅನ್ವಯಿಸದಿದ್ದರೆ ಬಳ್ಳಾರಿಯ ತೋರಣಗಲ್ಲಿನ ಉಕ್ಕಿಗೆ ಬ್ರಸೆಲ್ಸ್ ಲೆಕ್ಕ ಕೇಳುವುದು ಯಾವ ಆಧಾರದಲ್ಲಿ? ಉತ್ತರ ಒಂದೇ ಸಾಲಿನಲ್ಲಿ ಸಿಗುವುದಿಲ್ಲ. ಆದರೆ ಒಂದೊಂದೇ ಎಳೆ ಬಿಡಿಸಿದರೆ ಕಾಣುವ ಚಿತ್ರ ಸ್ಪಷ್ಟವಾಗಿದೆ, ಮತ್ತು ಕಳವಳ ಹುಟ್ಟಿಸುವಂತಿದೆ. ಅಂತರರಾಷ್ಟ್ರೀಯ ಕಾನೂನಿನ ಹೊರೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಈ ಭಾಗಕ್ಕೆ ಯಾರೂ ಕರೆಯದೆ ತಾನಾಗಿ ಬರುತ್ತಿದೆ. ಅದರ ಪ್ರಯೋಜನವನ್ನು ಮಾತ್ರ ಇಲ್ಲಿನ ಜನ ಕೇಳಿ ಪಡೆಯಬೇಕಾಗಿದೆ.

ಗುರಿಗಳಿಗೆ ಕಾನೂನಿನ ಬಲ ಇದೆಯೇ?

ನೇರ ಉತ್ತರ: ಇಲ್ಲ. 2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿಕೊಂಡ 17 ಗುರಿಗಳು ಮತ್ತು 169 ಉಪಗುರಿಗಳು ಒಂದು ನಿರ್ಣಯದ ರೂಪದಲ್ಲಿವೆ. ನಿರ್ಣಯ ಒಪ್ಪಂದವಲ್ಲ. ಗುರಿ ತಲುಪದ ದೇಶವನ್ನು ಯಾವ ನ್ಯಾಯಾಲಯದ ಮುಂದೆಯೂ ನಿಲ್ಲಿಸಲಾಗದು. 2030ರ ಗಡುವಿಗೆ ಐದು ವರ್ಷ ಉಳಿದಿದ್ದಾಗ, 2025ರಲ್ಲಿ, ವಿಶ್ವಸಂಸ್ಥೆಯೇ ಹೊರತಂದ ವರದಿಯ ಪ್ರಕಾರ ಲೆಕ್ಕಕ್ಕೆ ಸಿಕ್ಕ ಉಪಗುರಿಗಳ ಪೈಕಿ ಸರಿಯಾದ ಹಾದಿಯಲ್ಲಿರುವವು ಅಥವಾ ಸಾಧಾರಣ ಪ್ರಗತಿ ಕಂಡವು ಶೇ 35 ಮಾತ್ರ. ಶೇ 18ರಷ್ಟು ಹಿಂದಕ್ಕೆ ಸರಿದಿವೆ.

ಆದರೆ ಈ ಗುರಿಗಳ ಕೆಳಗೆ ಹಳೆಯ, ಗಟ್ಟಿಯಾದ ಒಪ್ಪಂದಗಳಿವೆ. ಹವಾಮಾನದ 13ನೇ ಗುರಿಗೆ ಆಸರೆಯಾಗಿರುವುದು 1992ರ ಹವಾಮಾನ ಒಡಂಬಡಿಕೆ ಮತ್ತು 2015ರ ಪ್ಯಾರಿಸ್ ಒಪ್ಪಂದ. ಬಾಲಕಾರ್ಮಿಕ ಪದ್ಧತಿ ಕೊನೆಗಾಣಿಸಬೇಕೆನ್ನುವ 8.7ನೇ ಉಪಗುರಿಗೆ ಆಸರೆಯಾಗಿರುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೇ ಒಡಂಬಡಿಕೆಗಳು. ಇವಕ್ಕೆ ಭಾರತ ಬದ್ಧವಾಗಿದೆ. ಗುರಿ ಹಾರೈಕೆಯಾದರೆ ಒಪ್ಪಂದ ಕೊಟ್ಟ ಮಾತು.

ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಅದು ತಹಶೀಲ್ದಾರ್ ಕಚೇರಿಯಲ್ಲಿ ನಡೆಯುವ ಕಾನೂನಾಗುವುದಿಲ್ಲ. ಸಂವಿಧಾನದ 51ನೇ ವಿಧಿ ಅಂತರರಾಷ್ಟ್ರೀಯ ಕಾನೂನನ್ನು ಗೌರವಿಸಲು ಸರ್ಕಾರಕ್ಕೆ ಹೇಳುತ್ತದೆ. 253ನೇ ವಿಧಿ ಅಂಥ ಒಪ್ಪಂದಗಳನ್ನು ಜಾರಿಗೊಳಿಸಲು ಯಾವ ವಿಷಯದ ಮೇಲಾದರೂ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಆ ಅಧಿಕಾರ ಬಳಕೆಯಾದದ್ದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. 1981ರ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆಯ ಪೀಠಿಕೆಯಲ್ಲೇ ಪರಿಸರದ ಬಗ್ಗೆ ವಿಶ್ವಸಂಸ್ಥೆ ನಡೆಸಿದ 1972ರ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಸ್ಟಾಕ್‌ಹೋಮ್ ಜೊತೆಗೆ 1992ರ ರಿಯೊ ಸಮ್ಮೇಳನವನ್ನೂ ನೆನೆಯುತ್ತದೆ. ಕೊಪ್ಪಳದ ಹಿರೇಬಗನಾಳದ ರೈತ ಕಾರ್ಖಾನೆಯ ಹೊಗೆಯ ವಿರುದ್ಧ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಅರ್ಜಿಯ ಹಿಂದೆ, ಅವನಿಗೆ ತಿಳಿದಿರಲಿ ಇಲ್ಲದಿರಲಿ, ಸ್ವೀಡನ್ನಿನಲ್ಲಿ ನಡೆದ ಒಂದು ಸಭೆ ಇದೆ.

ಹೇಗ್ ಹೇಳಿದ್ದೇನು

ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ವನುವಾಟು ಮುಂದೆ ನಿಂತು ಒತ್ತಾಯಿಸಿದ್ದರಿಂದ 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ನ್ಯಾಯಾಲಯದ ಅಭಿಪ್ರಾಯ ಕೇಳಿತು. ಕಡಲು ಏರಿದರೆ ಕರಾವಳಿ ಕಳೆದುಕೊಳ್ಳುವ ದೇಶ ಅದು. ಹವಾಮಾನದ ವಿಚಾರದಲ್ಲಿ ದೇಶಗಳ ಬಾಧ್ಯತೆ ಏನು, ಅದನ್ನು ಮುರಿದರೆ ಪರಿಣಾಮ ಏನು ಎಂಬುದು ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಎರಡು ವಾರ ನಡೆದ ವಿಚಾರಣೆಯಲ್ಲಿ ಭಾರತವೂ ಸೇರಿ 96 ದೇಶಗಳು ವಾದ ಮಂಡಿಸಿದವು.

ನ್ಯಾಯಾಲಯದ ಉತ್ತರ ಸರ್ವಾನುಮತದ್ದು. ಹವಾಮಾನಕ್ಕೆ ಗಂಭೀರ ಹಾನಿಯಾಗದಂತೆ ತನ್ನ ಕೈಲಾದ ಎಚ್ಚರ ವಹಿಸುವುದು ಪ್ರತಿ ದೇಶದ ಕರ್ತವ್ಯ. ಈ ಕರ್ತವ್ಯ ಪ್ಯಾರಿಸ್ ಒಪ್ಪಂದದಿಂದ ಮಾತ್ರ ಬಂದದ್ದಲ್ಲ, ದೇಶಗಳು ಕಟ್ಟುಪಾಡೆಂದು ಪಾಲಿಸುತ್ತ ಬಂದ ರೂಢಿಗತ ಅಂತರರಾಷ್ಟ್ರೀಯ ಕಾನೂನಿನಿಂದಲೂ ಬಂದದ್ದು. ಹಾಗಾಗಿ ಒಪ್ಪಂದದಿಂದ ಹೊರಗೆ ಹೋದ ದೇಶವೂ ತಪ್ಪಿಸಿಕೊಳ್ಳಲಾಗದು. ಕಲ್ಲಿದ್ದಲು, ತೈಲದಂಥ ಇಂಧನಗಳ ಉತ್ಪಾದನೆ, ಅವುಗಳಿಗೆ ಕೊಡುವ ಪರವಾನಗಿ, ಸಬ್ಸಿಡಿ ಕೂಡ ಕರ್ತವ್ಯಲೋಪದ ವ್ಯಾಪ್ತಿಗೆ ಬರಬಹುದು. ಶುದ್ಧ, ಆರೋಗ್ಯಕರ ಪರಿಸರವಿಲ್ಲದೆ ಉಳಿದ ಮಾನವ ಹಕ್ಕುಗಳಿಗೆ ಅರ್ಥವಿಲ್ಲ; ಆದ್ದರಿಂದ ಅಂಥ ಪರಿಸರವೂ ಒಂದು ಮಾನವ ಹಕ್ಕು. ಹಾನಿಗೂ ದೇಶವೊಂದರ ಲೋಪಕ್ಕೂ ಸಂಬಂಧ ಸಾಬೀತಾದರೆ ಪರಿಹಾರದ ಪ್ರಶ್ನೆಯೂ ಏಳುತ್ತದೆ.

ಇದು ಸಲಹಾ ಅಭಿಪ್ರಾಯ, ಎರಡು ಪಕ್ಷಗಳ ವ್ಯಾಜ್ಯದಲ್ಲಿ ಕೊಟ್ಟ ತೀರ್ಪಲ್ಲ. ಇದನ್ನು ಹಿಡಿದು ಯಾರ ಮೇಲೂ ಜಪ್ತಿ ತರಲಾಗದು. ಹಾಗಾದರೆ ಬೆಲೆ ಏನು? ನ್ಯಾಯಾಲಯ ಹೊಸ ಕಾನೂನು ಬರೆಯಲಿಲ್ಲ, ಇರುವ ಕಾನೂನು ಇಂಥದ್ದು ಎಂದು ಹೇಳಿತು. ಆ ಕಾನೂನು ದೇಶಗಳನ್ನು ಮೊದಲೇ ಕಟ್ಟಿಹಾಕಿರುವಂಥದ್ದು. ಮುಂದೆ ಯಾವುದೇ ದೇಶದ ನ್ಯಾಯಾಧೀಶರು ಇಂಥ ಪ್ರಕರಣ ಕೈಗೆತ್ತಿಕೊಂಡಾಗ ಈ ಅಭಿಪ್ರಾಯವನ್ನು ಬದಿಗಿಟ್ಟು ಮುಂದೆ ಹೋಗುವುದು ಕಷ್ಟ.

ಬ್ರಸೆಲ್ಸ್‌ನ ಲೆಕ್ಕ

ಐರೋಪ್ಯ ಒಕ್ಕೂಟದೊಳಗಿನ ಉಕ್ಕು ಕಾರ್ಖಾನೆಗಳು ತಾವು ಹೊರಬಿಡುವ ಪ್ರತಿ ಟನ್ ಇಂಗಾಲಾಮ್ಲಕ್ಕೆ ಪರವಾನಗಿ ಕೊಳ್ಳಬೇಕು. ಬಹಳ ವರ್ಷ ಅವುಗಳಿಗೆ ಈ ಪರವಾನಗಿಯ ದೊಡ್ಡ ಪಾಲು ಉಚಿತವಾಗಿ ಸಿಗುತ್ತಿತ್ತು. ಆ ಉಚಿತ ಪಾಲನ್ನು 2026ರಿಂದ ಸ್ವಲ್ಪ ಸ್ವಲ್ಪವೇ ಇಳಿಸಿ 2034ಕ್ಕೆ ಸೊನ್ನೆ ಮಾಡುತ್ತಾರೆ. ಹಾಗೆ ಮಾಡಿದರೆ ಅಲ್ಲಿನ ಕಾರ್ಖಾನೆ ಮುಚ್ಚಿ, ಅದೇ ಉಕ್ಕು ಹೊರಗಿನಿಂದ ಅಗ್ಗವಾಗಿ ಒಳಬರುತ್ತದೆ ಎಂಬ ಭಯ ಅವರದು. ಅದಕ್ಕೆ ಗಡಿಯಲ್ಲಿ ಆಮದಿಗೂ ಅದೇ ಬೆಲೆ. ಸಿಮೆಂಟ್, ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ಜಲಜನಕ, ವಿದ್ಯುತ್ ಸದ್ಯ ಇದರ ವ್ಯಾಪ್ತಿಯಲ್ಲಿವೆ. 2023ರ ಅಕ್ಟೋಬರ್‌ನಿಂದ 2025ರ ಕೊನೆಯವರೆಗೆ ಬರೀ ವರದಿ ಕೊಟ್ಟರೆ ಸಾಕಿತ್ತು. ಈಗ ಹಣದ ಲೆಕ್ಕ ಶುರುವಾಗಿದೆ. 2026ರ ಆಮದಿನ ಪ್ರತಿ ಟನ್ ಇಂಗಾಲಾಮ್ಲಕ್ಕೆ ಆಮದುದಾರರು ಕೊಳ್ಳಬೇಕಾದ ಪ್ರಮಾಣಪತ್ರಗಳ ಮಾರಾಟ 2027ರ ಫೆಬ್ರುವರಿಯಲ್ಲಿ ಆರಂಭವಾಗುತ್ತದೆ.

ಬಳ್ಳಾರಿಯ ಉಕ್ಕಿಗೆ ಇದು ಭಾರವಾಗುವುದೇಕೆ? ತೋರಣಗಲ್ಲಿನಲ್ಲಿ ದೇಶದ ಅತಿದೊಡ್ಡ ಉಕ್ಕು ಸ್ಥಾವರಗಳಲ್ಲೊಂದು ಇದೆ. ಸಂಡೂರಿನ ಅದಿರು ಪಕ್ಕದಲ್ಲೇ ಸಿಗುತ್ತದೆ. ಆದರೆ ಅದಿರಿನಿಂದ ಕಬ್ಬಿಣ ಬೇರ್ಪಡಿಸಲು ಊದುಕುಲುಮೆಯಲ್ಲಿ ಕಲ್ಲಿದ್ದಲಿನಿಂದ ತಯಾರಾದ ಕೋಕ್ ಸುಡಬೇಕು. ಆ ಕ್ರಿಯೆಯಲ್ಲೇ ಇಂಗಾಲಾಮ್ಲ ಹೊಮ್ಮುತ್ತದೆ. ಯುರೋಪಿನಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವ ಪದ್ಧತಿ ಹೆಚ್ಚು. ಅದರಲ್ಲಿ ಹೊಗೆ ಕಡಿಮೆ. ಭಾರತದಲ್ಲಿ ಗುಜರಿ ಸಿಗುವುದೇ ಕಡಿಮೆ, ಏಕೆಂದರೆ ನಮ್ಮ ಕಟ್ಟಡಗಳು, ಸೇತುವೆಗಳು ಇನ್ನೂ ಹೊಸವು. ಹಾಗಾಗಿ ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು 2.5 ಟನ್ ಇಂಗಾಲಾಮ್ಲ ಹೊರಬೀಳುತ್ತದೆ. ಕೇಂದ್ರ ಉಕ್ಕು ಸಚಿವಾಲಯವೇ 2024ರ ಡಿಸೆಂಬರ್‌ನಲ್ಲಿ 'ಹಸಿರು ಉಕ್ಕು' ಎಂದರೆ 2.2 ಟನ್‌ಗಿಂತ ಕಡಿಮೆ ಎಂದು ಗೆರೆ ಎಳೆದಿದೆ. ಸರಾಸರಿ ಭಾರತೀಯ ಉಕ್ಕು ನಮ್ಮದೇ ಗೆರೆಯ ಆಚೆ ಇದೆ.

ಒಂದು ಅಂದಾಜು ಮಾಡಿ ನೋಡೋಣ. ಪ್ರಮಾಣಪತ್ರದ ಬೆಲೆ ಟನ್‌ಗೆ 70 ಯೂರೊ ಎಂದು ಇಟ್ಟುಕೊಂಡರೆ, ಯಾವ ರಿಯಾಯಿತಿಯೂ ಇಲ್ಲದ 2034ರಲ್ಲಿ 2.5 ಟನ್ ಹೊಗೆಯ ಒಂದು ಟನ್ ಉಕ್ಕಿಗೆ 175 ಯೂರೊ ತೆರಬೇಕು. ಯೂರೊಗೆ ನೂರು ರೂಪಾಯಿಯಂತೆ ಅದು 17,500 ರೂಪಾಯಿ. ಮೊದಲ ವರ್ಷಗಳಲ್ಲಿ ಐರೋಪ್ಯ ಕಾರ್ಖಾನೆಗಳ ಉಚಿತ ಪಾಲಿಗೆ ಸಮನಾದ ರಿಯಾಯಿತಿ ಆಮದಿಗೂ ಇರುವುದರಿಂದ ಪೆಟ್ಟು ಸಣ್ಣದು. ಆದರೆ ಕುಲುಮೆ ಎಂಬುದು ನಲವತ್ತು ವರ್ಷಕ್ಕೆ ಕಟ್ಟುವ ವಸ್ತು. ಇಂದು ಕಟ್ಟುವವನು 2034ರ ಲೆಕ್ಕವನ್ನು ಇಂದೇ ಮಾಡಬೇಕು.

ಇನ್ನೊಂದು ಅಂಶವನ್ನು ಸುದ್ದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಉಕ್ಕು ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಆ ಮೊತ್ತವನ್ನು ಐರೋಪ್ಯ ಶುಲ್ಕದಿಂದ ಕಳೆಯುತ್ತಾರೆ. ಅಂದರೆ ಭಾರತ ತಾನೇ ಇಂಗಾಲದ ಬೆಲೆ ವಸೂಲಿ ಮಾಡಿದರೆ ಆ ಹಣ ಇಲ್ಲಿಯೇ ಉಳಿಯುತ್ತದೆ. ಮಾಡದಿದ್ದರೆ ಯುರೋಪಿನ ಬೊಕ್ಕಸಕ್ಕೆ ಹೋಗುತ್ತದೆ. ಭಾರತ 2023ರಲ್ಲಿ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿದ್ದರ ಹಿಂದೆ ಈ ಲೆಕ್ಕವೂ ಇದೆ. ಅದಿರು ಅಗೆದ ಸಂಡೂರು, ಹೊಗೆ ಕುಡಿದ ಕುಡತಿನಿ ಎರಡಕ್ಕೂ ಆ ಹಣದಲ್ಲಿ ಪಾಲು ಎಷ್ಟು ಎಂಬ ಚರ್ಚೆ ಮಾತ್ರ ಎಲ್ಲೂ ಕೇಳಿಸುತ್ತಿಲ್ಲ.

ಯಾರ ವಾದದಲ್ಲಿ ಎಷ್ಟು ಹುರುಳು

ಭಾರತದ ವಾದಕ್ಕೆ ಗಟ್ಟಿ ಆಧಾರವಿದೆ. ಭಾರತೀಯನೊಬ್ಬನ ಪಾಲಿನ ಇಂಗಾಲಾಮ್ಲ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ಈಗ ಬಡ ದೇಶಗಳ ಮೇಲೆ ಒಂದೇ ಅಳತೆಗೋಲು ಹಿಡಿಯುವುದು 1992ರ ಒಡಂಬಡಿಕೆಯ ಮೂಲ ತತ್ವಕ್ಕೆ ವಿರುದ್ಧ. ಹೊಣೆ ಎಲ್ಲರದು, ಆದರೆ ಪ್ರಮಾಣ ಬೇರೆ ಬೇರೆ ಎಂಬುದು ಆ ತತ್ವ. ಹೇಗ್ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಹವಾಮಾನದ ಹೆಸರಿನಲ್ಲಿ ತಂದ ಏಕಪಕ್ಷೀಯ ಕ್ರಮ ವ್ಯಾಪಾರಕ್ಕೆ ಮರೆಮಾಚಿದ ಅಡ್ಡಿಯಾಗಬಾರದು ಎಂದು ಅದೇ ಒಡಂಬಡಿಕೆಯ 3ನೇ ವಿಧಿ ಹೇಳುತ್ತದೆ. ಇನ್ನು ಹಣದ ಮಾತು. 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳ ನೆರವಿಗೆ ಶ್ರೀಮಂತ ದೇಶಗಳು ಒಪ್ಪಿದ್ದು 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್. ಅದು ತೀರಾ ಕಡಿಮೆಯೆಂದು ಭಾರತ ಅಲ್ಲೇ ಆಕ್ಷೇಪಿಸಿತು.

ಯುರೋಪಿನ ವಾದವನ್ನೂ ತಳ್ಳಿಹಾಕುವಂತಿಲ್ಲ. ಶುಲ್ಕ ದೇಶ ನೋಡಿ ಹಾಕುವುದಲ್ಲ, ಹೊಗೆ ನೋಡಿ ಹಾಕುವುದು. ನಮ್ಮವರಿಗೂ ಅದೇ ಬೆಲೆ ಎನ್ನುತ್ತಾರೆ ಅವರು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಲ್ಲಿ ಬರಿದಾಗಬಹುದಾದ ಪ್ರಕೃತಿ ಸಂಪತ್ತನ್ನು ಕಾಪಾಡಲು ವಿನಾಯಿತಿ ಇದೆ. 1998ರ ಸಿಗಡಿ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಕಡಲಾಮೆ ಸಾಯದಂತೆ ಹಿಡಿಯದ ಸಿಗಡಿಯನ್ನು ಅಮೆರಿಕ ತಡೆದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಾಗಿ ದೂರಿದವು. ಉದ್ದೇಶ ಸರಿ, ಜಾರಿಗೊಳಿಸಿದ ರೀತಿಯಲ್ಲಿ ತಾರತಮ್ಯವಿದೆ ಎಂದು ತೀರ್ಪು ಬಂತು. ಅಮೆರಿಕ ರೀತಿಯನ್ನು ತಿದ್ದಿಕೊಂಡಿತು, ನಿರ್ಬಂಧ ಉಳಿಯಿತು. ಐರೋಪ್ಯ ಶುಲ್ಕದ ವ್ಯಾಜ್ಯವೂ ಆ ಜಾಡಿನಲ್ಲೇ ಸಾಗುವ ಸಂಭವ ಹೆಚ್ಚು. ಅದೂ ಬೇಗ ಆಗುವುದಿಲ್ಲ. ಆ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ಹೊಸಬರ ನೇಮಕವನ್ನು ಅಮೆರಿಕ ತಡೆದಿದ್ದರಿಂದ 2019ರ ಡಿಸೆಂಬರ್‌ನಿಂದ ಪೀಠ ನಿಷ್ಕ್ರಿಯವಾಗಿದೆ. ಭಾರತ ಕೆಳಹಂತದಲ್ಲಿ ಗೆದ್ದರೂ ಸೋತವರು ಮೇಲ್ಮನವಿ ಹಾಕಿ ಅದನ್ನು ತೂಗುಬಿಡಬಹುದು. ಶುಲ್ಕವಂತೂ ನಡೆಯುತ್ತಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಭಾರತದ ವಾದ ದೇಶದೇಶಗಳ ನಡುವೆ ನ್ಯಾಯವಾದದ್ದು. ಆದರೆ ಅದನ್ನು ದೇಶದೊಳಗೆ ಬಳಸುವ ರೀತಿ ನ್ಯಾಯವಾದದ್ದಲ್ಲ. ತಲಾ ಸರಾಸರಿ ಕಡಿಮೆ ಎನ್ನುವಾಗ ದೇವದುರ್ಗದ ಕೂಲಿಕಾರ್ಮಿಕ ಮಹಿಳೆಯ ಬಡತನವೂ ಆ ಲೆಕ್ಕದಲ್ಲಿ ಸೇರಿದೆ. ಅವಳ ಹೆಸರಿನಲ್ಲಿ ಪಡೆದ ರಿಯಾಯಿತಿ ಅವಳಿಗೆ ಏನು ಕೊಟ್ಟಿತು ಎಂದು ಕೇಳಲೇಬೇಕು.

ಸಂಡೂರಿನಲ್ಲಿ ಈಗಾಗಲೇ ನಡೆದದ್ದು

ಅಂತರರಾಷ್ಟ್ರೀಯ ಕಾನೂನಿಗೆ ಹಲ್ಲಿಲ್ಲ ಎನ್ನುವವರು ಬಳ್ಳಾರಿಯ ಇತ್ತೀಚಿನ ಚರಿತ್ರೆಯನ್ನೇ ಮರೆತಿರುತ್ತಾರೆ.

ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳು ಪಾಲಾರ್ ನದಿಯನ್ನು ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಆಗಸ್ಟ್ 28ರಂದು ಕೊಟ್ಟ ತೀರ್ಪು ಇಲ್ಲಿ ಮುಖ್ಯ. ಸುಸ್ಥಿರ ಅಭಿವೃದ್ಧಿ, ಹಾನಿ ಖಚಿತವಾಗುವವರೆಗೆ ಕಾಯದೆ ತಡೆಯಬೇಕೆನ್ನುವ ಮುನ್ನೆಚ್ಚರಿಕೆ ತತ್ವ, ಕೆಡಿಸಿದವನೇ ಬೆಲೆ ತೆರಬೇಕೆನ್ನುವ ತತ್ವ ಇವೆಲ್ಲ ಸ್ಟಾಕ್‌ಹೋಮ್ ಮತ್ತು ರಿಯೊದಲ್ಲಿ ರೂಪುಗೊಂಡವು. ಅಲ್ಲಿ ಅವು ಘೋಷಣೆಗಳಷ್ಟೇ. ಸುಪ್ರೀಂ ಕೋರ್ಟ್ ಮಾತ್ರ ಅವು ರೂಢಿಗತ ಅಂತರರಾಷ್ಟ್ರೀಯ ಕಾನೂನಿನ ಭಾಗವಾಗಿವೆ, ಆದ್ದರಿಂದ ಭಾರತದ ಕಾನೂನಿನ ಭಾಗವೂ ಹೌದು ಎಂದು ಹೇಳಿತು. ಸಂಸತ್ತಿನಲ್ಲಿ ಮಸೂದೆ ಬರಲಿಲ್ಲ, ಮತದಾನ ನಡೆಯಲಿಲ್ಲ. ಘೋಷಣೆಯೊಂದು ನ್ಯಾಯಾಲಯದ ಮೂಲಕ ಕಾನೂನಾಯಿತು.

ಹದಿನೈದು ವರ್ಷಗಳ ನಂತರ ಅದು ಬಳ್ಳಾರಿಗೆ ಬಂತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೂಡಿದ್ದ ಪ್ರಕರಣದಲ್ಲಿ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು ಕೆಲವೇ ದಿನಗಳಾಗಿದ್ದವು. ಮುಂದಿನ ತಿಂಗಳು ನಿಷೇಧ ಚಿತ್ರದುರ್ಗ, ತುಮಕೂರಿಗೂ ಹಬ್ಬಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿ, ಅತಿಹೆಚ್ಚು ಅಕ್ರಮ ನಡೆದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಉಳಿದವರು ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಸಲ್ಲಿಸದೆ ಗುದ್ದಲಿ ಎತ್ತುವಂತಿಲ್ಲ ಎಂದಿತು. ವರ್ಷಕ್ಕೆ ಇಷ್ಟೇ ಅದಿರು ಎಂಬ ಮಿತಿ ಬಂತು. ಬಳ್ಳಾರಿಗೆ 250 ಲಕ್ಷ ಟನ್ ಇದ್ದ ಮಿತಿ ಹಂತಹಂತವಾಗಿ ಏರಿ 2022ರ ಆಗಸ್ಟ್‌ನಲ್ಲಿ 350 ಲಕ್ಷ ಟನ್ ಆಯಿತು.

ಮುಂದಿನ ತಲೆಮಾರಿಗೂ ಅದಿರು ಉಳಿಯಬೇಕು ಎಂಬ ಮಾತು ಭಾಷಣದಲ್ಲಿ ಎಲ್ಲರೂ ಆಡುವಂಥದ್ದು. ಸಂಡೂರಿನಲ್ಲಿ ಅದಕ್ಕೆ ಟನ್ನಿನ ಲೆಕ್ಕ ಸಿಕ್ಕಿತು. ಅದಿರಿನ ಮಾರಾಟದ ಹಣದಿಂದ ಕೂಡಿದ ನಿಧಿಯಿಂದ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಸಮಗ್ರ ಯೋಜನೆ ರೂಪುಗೊಂಡಿದೆ. ಅದರ ಮೇಲುಸ್ತುವಾರಿಗೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇಮಕವೂ ಆಯಿತು. ಕೆಡಿಸಿದವನೇ ಬೆಲೆ ತೆರಬೇಕೆಂಬ ರಿಯೊದ 16ನೇ ತತ್ವ ಇಷ್ಟು ದೊಡ್ಡ ಮೊತ್ತವಾಗಿ ಮಾರ್ಪಟ್ಟ ಉದಾಹರಣೆಗಳು ದೇಶದಲ್ಲಿ ವಿರಳ. ಆದರೆ ನೆಲ ಕೆಟ್ಟು ದಶಕ ಕಳೆದರೂ ಹಣ ಬಹುಕಾಲ ಖಾತೆಯಲ್ಲೇ ಉಳಿಯಿತು. ಧೂಳು ತಿಂದ ಮಕ್ಕಳು ಅಷ್ಟರಲ್ಲಿ ದೊಡ್ಡವರಾದರು.

ಇದೇ ದಾರಿಯಲ್ಲಿ ಬಂದ ಇನ್ನೊಂದು ಮೆಟ್ಟಿಲು 2024ರ ಮಾರ್ಚ್ 21ರದು. ಎರೆಭೂತ ಎಂದು ನಮ್ಮವರು ಕರೆಯುವ, ಸಿರುಗುಪ್ಪದ ಬಯಲಲ್ಲಿ ಇನ್ನೂ ಬೆರಳೆಣಿಕೆಯಷ್ಟು ಉಳಿದಿರುವ ದೊಡ್ಡ ಹಕ್ಕಿಯ ರಕ್ಷಣೆಯ ಪ್ರಕರಣ ಅದು. ರಾಜಸ್ಥಾನ, ಗುಜರಾತಿನ ವಿದ್ಯುತ್ ತಂತಿಗಳ ಸುತ್ತ ನಡೆದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳ ಕೆಳಗೆ ಬರುವ ಹಕ್ಕು ಎಂದಿತು. ಮುಂದಿನ ವರ್ಷ ಹೇಗ್ ಆಡಿದ ಮಾತು ಇದಕ್ಕೆ ಬಲ ತುಂಬುತ್ತದೆ.

ಕೊಪ್ಪಳದ ಹೊಗೆ ಯಾರ ಲೆಕ್ಕದಲ್ಲಿದೆ?

ಅಂತರರಾಷ್ಟ್ರೀಯ ಕಾನೂನಿನ ಎರಡು ಮುಖಗಳ ನಡುವಿನ ಬಿರುಕು ಎದ್ದು ಕಾಣುವುದು ಕೊಪ್ಪಳದಲ್ಲಿ. ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಸುತ್ತ ಮೆದು ಕಬ್ಬಿಣದ (ಸ್ಪಾಂಜ್ ಐರನ್) ಘಟಕಗಳಿವೆ. ಇಲ್ಲಿ ಕಲ್ಲಿದ್ದಲಿನೊಂದಿಗೆ ಅದಿರನ್ನು ತಿರುಗುವ ಗೂಡಿನಲ್ಲಿ ಕಾಯಿಸುತ್ತಾರೆ. ಹತ್ತಿಯ ಮೇಲೆ, ದಾಳಿಂಬೆಯ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಬೂದಿ ಕೂರುತ್ತದೆ ಎಂಬುದು ಅಲ್ಲಿನವರ ವರ್ಷಗಳ ದೂರು. ಕೊಪ್ಪಳ ನಗರಕ್ಕೆ ತಾಗಿಕೊಂಡೇ ಇನ್ನೂ ದೊಡ್ಡ ಉಕ್ಕು ಕಾರ್ಖಾನೆ ಬರುವುದನ್ನು ವಿರೋಧಿಸಿ 2025ರ ಫೆಬ್ರುವರಿಯಲ್ಲಿ ಬಂದ್ ನಡೆಯಿತು. ಗವಿಮಠದ ಸ್ವಾಮೀಜಿಯವರೇ ಜನರೊಂದಿಗೆ ಬೀದಿಗಿಳಿದರು.

ಬ್ರಸೆಲ್ಸ್‌ನ ಶುಲ್ಕದಿಂದ ಈ ಬೂದಿ ಕಡಿಮೆಯಾಗುತ್ತದೆಯೇ? ಆಗಲೇಬೇಕೆಂದಿಲ್ಲ. ಆ ವ್ಯವಸ್ಥೆ ಎಣಿಸುವುದು ಇಂಗಾಲಾಮ್ಲವನ್ನು. ದೂಳು, ಬೂದಿ, ಗಂಧಕದ ಹೊಗೆ, ಕೊಳವೆಬಾವಿಗೆ ಇಳಿಯುವ ಕಲ್ಮಶ ಅದರ ಪ್ರಮಾಣಪತ್ರದಲ್ಲಿ ಬರುವುದಿಲ್ಲ. ಉಕ್ಕಿನ ಮಟ್ಟಿಗೆ ಸದ್ಯ ಕೊಂಡ ವಿದ್ಯುತ್ತಿನ ಹಿಂದಿನ ಹೊಗೆಯನ್ನೂ ಎಣಿಸುವುದಿಲ್ಲ; ಕುಡತಿನಿ, ಶಕ್ತಿನಗರ, ಯರಮರಸ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಆ ಲೆಕ್ಕದಾಚೆ ಇವೆ. ಮೇಲಾಗಿ ಮೆದು ಕಬ್ಬಿಣ ಹೆಚ್ಚಾಗಿ ದೇಶದೊಳಗೇ ಮಾರಾಟವಾಗಿ ಕಟ್ಟಡದ ಸರಳುಗಳಾಗುತ್ತದೆ. ಯುರೋಪಿನ ಗಡಿಯನ್ನು ಅದು ಮುಟ್ಟುವುದೇ ಇಲ್ಲ. ದೊಡ್ಡ ಕಂಪನಿಯೊಂದು ತನ್ನಲ್ಲಿರುವ ಸ್ವಚ್ಛ ಉಕ್ಕನ್ನು ಯುರೋಪಿಗೆ ಕಳಿಸಿ, ಹೊಗೆ ಹೆಚ್ಚಿರುವುದನ್ನು ಇಲ್ಲೇ ಮಾರಿದರೂ ನಿಯಮ ಮುರಿದಂತಾಗುವುದಿಲ್ಲ. ಬ್ರಸೆಲ್ಸ್‌ನ ಕಣ್ಣಿಗೆ ಶುದ್ಧವಾದದ್ದು ಗಿಣಿಗೇರಿಯ ಮನೆಯಂಗಳದಲ್ಲಿ ಕಪ್ಪಾಗಿಯೇ ಇರಬಹುದು.

ಹೇಗ್ ಎತ್ತಿಹಿಡಿದ ಶುದ್ಧ ಪರಿಸರದ ಹಕ್ಕು ಹಾಗಲ್ಲ. ಅದರ ವ್ಯಾಪ್ತಿಗೆ ಬೂದಿಯೂ ಬರುತ್ತದೆ, ಇಂಗಾಲವೂ ಬರುತ್ತದೆ. ಆದರೆ ವ್ಯಾಪಾರದ ನಿಯಮ ಬಂದರಿನಲ್ಲಿ ಕಾದು ನಿಂತಿರುತ್ತದೆ, ಶುಲ್ಕದ ಹೊಣೆ ಹೊರದ ಸರಕನ್ನು ಒಳಗೆ ಬಿಡುವುದಿಲ್ಲ. ಹಕ್ಕನ್ನು ಯಾರಾದರೂ ಅರ್ಜಿ ಬರೆದು, ವಕೀಲರನ್ನು ಹಿಡಿದು, ದಾಖಲೆ ಕೂಡಿಸಿ ಕೇಳಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇರುವುದು ಚೆನ್ನೈಯಲ್ಲಿ. ಹೈಕೋರ್ಟಿಗೆ ಹೋಗಬೇಕೆಂದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ, ರಾಯಚೂರಿನವರಿಗೆ ಕಲಬುರಗಿ. ಎರಡೆಕರೆ ಮಸಾರಿ ಹೊಲದವನಿಗೆ ಆ ದಾರಿ ಎಷ್ಟು ದೂರ ಎಂಬುದನ್ನು ಯಾವ ಸೂಚ್ಯಂಕವೂ ಅಳೆಯುವುದಿಲ್ಲ.

ರಾಯಚೂರಿಗೆ ಬರಲಿರುವುದು

ಉಕ್ಕಿನ ಕಥೆ ಹತ್ತಿಗೂ ಹಬ್ಬುವ ಲಕ್ಷಣಗಳಿವೆ. ಬಲವಂತದ ದುಡಿಮೆಯಿಂದ ತಯಾರಾದ ವಸ್ತುಗಳನ್ನು ತನ್ನ ಮಾರುಕಟ್ಟೆಯಿಂದ ಹೊರಗಿಡುವ ಕಾನೂನನ್ನು ಐರೋಪ್ಯ ಒಕ್ಕೂಟ 2024ರಲ್ಲಿ ಮಾಡಿದೆ. 2027ರ ಡಿಸೆಂಬರ್‌ನಿಂದ ಜಾರಿ. ಬಲವಂತದ ಬಾಲ ದುಡಿಮೆಯೂ ಅದರಲ್ಲಿ ಸೇರಿದೆ. ರಾಯಚೂರು ದೊಡ್ಡ ಹತ್ತಿ ಮಾರುಕಟ್ಟೆ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಯ ಹಾಜರಿ ಇಳಿಯುವುದು ಈ ಭಾಗದ ಶಿಕ್ಷಕರಿಗೆ ಹೊಸ ಸಂಗತಿಯಲ್ಲ. ಭಾರತ 2016ರಲ್ಲಿ ಬಾಲಕಾರ್ಮಿಕ ಕಾಯ್ದೆಯನ್ನು ತಿದ್ದಿ, 2017ರ ಜೂನ್‌ನಲ್ಲಿ ಕಾರ್ಮಿಕ ಸಂಘಟನೆಯ ಎರಡೂ ಒಡಂಬಡಿಕೆಗಳನ್ನು ಅಂಗೀಕರಿಸಿತು. 2025ಕ್ಕೆ ಬಾಲಕಾರ್ಮಿಕ ಪದ್ಧತಿ ಇಲ್ಲವಾಗಬೇಕಿತ್ತು. ಆಗಲಿಲ್ಲ. ಕೊಟ್ಟ ಮಾತನ್ನು ನಾವೇ ಉಳಿಸಿಕೊಂಡರೆ ಮಗು ಶಾಲೆಯಲ್ಲಿರುತ್ತದೆ. ಕೊಳ್ಳುವವನು ಬಂದು ಕೇಳುವವರೆಗೆ ಕಾದರೆ ಅವನು ಸರಕನ್ನು ನಿರಾಕರಿಸಿ ಬೇರೆ ಊರಿಗೆ ಹೋಗುತ್ತಾನೆ. ಮಗು ಹತ್ತಿ ಬಿಟ್ಟು ಮೆಣಸಿನಕಾಯಿ ಹೊಲಕ್ಕೆ ಹೋಗುತ್ತದೆ.

ಮುಂದೆ ನೋಡಬೇಕಾದ್ದು

ಮೊದಲನೆಯದಾಗಿ, ಅಳತೆ. ತನ್ನ ಹೊಗೆಯನ್ನು ತಾನೇ ಅಳೆದು ದೃಢೀಕರಿಸಿಕೊಳ್ಳದ ಕಾರ್ಖಾನೆಗೆ ಯುರೋಪ್ ತನ್ನದೇ ಅಂದಾಜನ್ನು ಅನ್ವಯಿಸುತ್ತದೆ, ಮತ್ತು ಆ ಅಂದಾಜು ಸಾಮಾನ್ಯವಾಗಿ ಹೆಚ್ಚಿನದು. ದೊಡ್ಡವರು ಅಳೆಯುವ ಯಂತ್ರ, ಲೆಕ್ಕಿಗರು ಎಲ್ಲವನ್ನೂ ಹೊಂದಿಸಿಕೊಳ್ಳುತ್ತಾರೆ. ಅವರಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳು ಹಿಂದೆ ಬೀಳುತ್ತವೆ, ಕೆಲಸ ಹೋಗುವುದು ಅಲ್ಲಿಂದ ಶುರುವಾಗುತ್ತದೆ. ಕಾರ್ಖಾನೆ ಬ್ರಸೆಲ್ಸ್‌ಗೆ ಕೊಡುವ ಹೊಗೆಯ ಅಂಕಿಅಂಶ ಪಕ್ಕದ ಗ್ರಾಮ ಪಂಚಾಯಿತಿಗೂ ಸಿಗಬೇಕು ಎಂಬ ಬೇಡಿಕೆಗೆ ರಿಯೊದ 10ನೇ ತತ್ವದ ಬೆಂಬಲವಿದೆ. ಪರಿಸರದ ಮಾಹಿತಿ ಪಡೆಯುವುದು, ತೀರ್ಮಾನದಲ್ಲಿ ಭಾಗಿಯಾಗುವುದು, ನ್ಯಾಯ ಕೇಳುವುದು ಜನರ ಹಕ್ಕು ಎನ್ನುತ್ತದೆ ಅದು. ಹೊರದೇಶದ ಅಧಿಕಾರಿಗೆ ಕೊಡುವ ಲೆಕ್ಕವನ್ನು ಊರಿನವರಿಂದ ಮುಚ್ಚಿಡಲು ಯಾವ ಕಾರಣವೂ ಇಲ್ಲ.

ಎರಡನೆಯದು ಪರಿಸರ ಅನುಮತಿ. 2006ರ ಅಧಿಸೂಚನೆಯಂತೆ ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಾರಾಂಶ ಕನ್ನಡದಲ್ಲಿ, ಪೂರ್ಣ ವರದಿ ಇಂಗ್ಲಿಷಿನಲ್ಲಿ ಎಂಬ ಸ್ಥಿತಿ ಇನ್ನೂ ಇದೆ. ಹೇಗ್‌ನ ಅಭಿಪ್ರಾಯದ ನಂತರ ಕಲ್ಲಿದ್ದಲು ಆಧಾರಿತ ಹೊಸ ಕುಲುಮೆಗೆ ಅನುಮತಿ ಕೊಡುವಾಗ ಹವಾಮಾನದ ಪರಿಣಾಮವನ್ನು ತೂಗಿ ನೋಡಿದಿರಾ ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ಏಳುವುದು ಬಹುತೇಕ ಖಚಿತ. ಸರ್ಕಾರಗಳು ಪ್ಯಾರಿಸ್ ಒಪ್ಪಂದದಡಿ ಕೊಟ್ಟ ಮಾತು ಸಾಕು ಎನ್ನುತ್ತವೆ. ಅರ್ಜಿದಾರರು ಸಾಲದು ಎನ್ನುತ್ತಾರೆ. ಈ ವ್ಯಾಜ್ಯ ಬಗೆಹರಿಯಲು ವರ್ಷಗಳೇ ಬೇಕು.

ಮೂರನೆಯದು ಹಣದ ಹಂಚಿಕೆ. ದೇಶದೊಳಗೇ ಇಂಗಾಲಕ್ಕೆ ಬೆಲೆ ಕಟ್ಟುವ ದಿನ ಬಂದಾಗ, ಅದರ ಆದಾಯದಲ್ಲಿ ಕುಲುಮೆ ಇರುವ ಜಿಲ್ಲೆಗೆ ಪಾಲು ಬರೆದಿಡಲು ಮಾದರಿ ಕಣ್ಣೆದುರೇ ಇದೆ. ಗಣಿ ಗುತ್ತಿಗೆದಾರರಿಂದ ವಸೂಲಾಗುವ ಜಿಲ್ಲಾ ಖನಿಜ ನಿಧಿ 2015ರ ತಿದ್ದುಪಡಿಯಿಂದ ಜಾರಿಯಲ್ಲಿದೆ. ಅದಿರಿಗೆ ಸಾಧ್ಯವಾದದ್ದು ಹೊಗೆಗೂ ಸಾಧ್ಯ. ಸಂಡೂರಿನ ನಿಧಿಯಂತೆ ಖಾತೆಯಲ್ಲಿ ಕೊಳೆಯದಿರಲು ಯಾವ ಹಳ್ಳಿಗೆ ಏನು ಬೇಕೆಂಬುದನ್ನು ಗ್ರಾಮಸಭೆಗಳು ಈಗಲೇ ಪಟ್ಟಿ ಮಾಡಿ ಇಡಬೇಕು. ಪ್ರಮಾಣಪತ್ರಗಳ ಮಾರಾಟ 2027ರ ಫೆಬ್ರುವರಿಯಲ್ಲಿ ಶುರುವಾಗುತ್ತದೆ, ರಿಯಾಯಿತಿ 2034ಕ್ಕೆ ಮುಗಿಯುತ್ತದೆ. ಹಣ ಯಾವ ಖಾತೆಗೆ ಹೋಗಬೇಕೆಂಬ ನಿಯಮಗಳು ಬರೆಯಲ್ಪಡುವುದು ಈ ಏಳು ವರ್ಷಗಳಲ್ಲಿ, ದೆಹಲಿಯಲ್ಲಿ.